ಚೀನಾ ಮಾಮನ ಊರಿನವರು

ಸಾವು ಬದುಕಿನ ನಡುವೆ ಮಲಗಿದ್ದ ಒಬ್ಬರಿಗೆ ಅವರ ಊರಿನವರನ್ನು ಹುಡುಕಿ ತರುತ್ತೇನೆ ಎಂದು ಎದೆ ತಟ್ಟಿ ಹೊರಟು, ಲೈಟು ಮಾರುವ ಹುಡುಗನೊಬ್ಬನನ್ನು ಹಿಡಿದು ತಂದವನು ನಾನು. ಮಲಗಿದ್ದವರು ಚೀನಾದವರು, ಲೈಟಿನವನೂ ಚೀನಾದವನು. ನನ್ನ ತಲೆಯ ಲೆಕ್ಕ ಅಲ್ಲಿಗೆ ಮುಗಿದಿತ್ತು. ದುಬೈಯಲ್ಲಿ ಯಾರಾದರೂ ನನ್ನನ್ನು 'ಮಲಬಾರಿ' ಎಂದು ಕರೆದರೆ ವಾರವಿಡೀ ಮುಖ ಊದಿಸಿಕೊಂಡು, ತುಳು ಬೇರೆ ಕನ್ನಡ ಬೇರೆ, ಘಟ್ಟದ ಮೇಲು ಬೇರೆ ಕೆಳಗು ಬೇರೆ ಎಂದು ಭಾಷಣ ಬಿಗಿಯುವವನು. ಅಂಥ ನಾನು ಅಷ್ಟು ದೊಡ್ಡ ದೇಶವನ್ನು ಒಂದು ಕೇರಿ ಮಾಡಿಬಿಟ್ಟಿದ್ದೆ.

ಈ ಕತೆಯನ್ನು ಊಟಕ್ಕೆ ಕೂತಲ್ಲೆಲ್ಲ ಹೇಳಿ ಜನರನ್ನು ನಗಿಸಿದ್ದೇನೆ. ಅದು ನಡೆಯುತ್ತಿದ್ದಾಗ ಮಾತ್ರ ಆಸ್ಪತ್ರೆಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಆ ನಲ್ಲಿ ಕೈ ಒಡ್ಡಿದರೆ ಮಾತ್ರ ನೀರು ಬಿಡುವ ಜಾತಿಯದು. ಅಳುವ ಸದ್ದು ಹೊರಗೆ ಕೇಳಬಾರದೆಂದರೆ ಒಂದು ಕೈ ಒಡ್ಡಿಕೊಂಡೇ ಅಳಬೇಕು. ಅಳುವುದಕ್ಕೂ ಭಿಕ್ಷೆಯವನ ಹಾಗೆ ನಿಂತಿದ್ದೆ.

ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಟ್ಟಡದ ಗುಂಪುಗಳಿಗೆ ದೇಶಗಳ ಹೆಸರು. ನಾವಿದ್ದದ್ದು ಚೀನಾ ಕ್ಲಸ್ಟರಿನಲ್ಲಿ, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ. ಒಳಗಿನ ರೂಮಿನಲ್ಲಿ ನಾನು ಮತ್ತು ಅಣ್ಣ. ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಸುರತ್ಕಲ್ ಕಡೆಯವರು, ಕಾರ್ಗೋ ಆಫೀಸಿನಲ್ಲಿ ಕೆಲಸ. ನಾನು ಬಂದಿಳಿದಾಗ, ನಮ್ಮ ಊರಿನ ಹುಡುಗ ಎಂಬ ಒಂದೇ ಆಧಾರದ ಮೇಲೆ ತಮ್ಮ ಪಕ್ಕದ ಮಂಚ ಕೊಡಿಸಿದವರು. ಸುರತ್ಕಲ್ಲಿಗೂ ನಮ್ಮ ಮನೆಗೂ ಬಸ್ಸಿನಲ್ಲಿ ಅರ್ಧ ದಿನ ಹಿಡಿಯುತ್ತದೆ. ಊರಿನಲ್ಲಿದ್ದಾಗ ಪಕ್ಕದ ಗ್ರಾಮದವನೂ ಪರಊರಿನವನೇ. ಇಲ್ಲಿ ಬಂದ ಮೇಲೆ ಬೈಂದೂರಿನಿಂದ ಸುಳ್ಯದವರೆಗೆ ಎಲ್ಲರೂ ನಮ್ಮೂರವರು.

ಹಾಲ್‌ನಲ್ಲಿ ಪ್ಲೈವುಡ್ ಅಡ್ಡ ನಿಲ್ಲಿಸಿ ಮಾಡಿದ ಪಾರ್ಟಿಷನ್ನಿನಲ್ಲಿ ಚೀನಾ ಮಾಮ ಇದ್ದರು. ಕೆಳಗಿನ ಹೋಟೆಲಿನ ಅಡುಗೆಯವರು, ಅರವತ್ತರ ಹತ್ತಿರದ ವಯಸ್ಸು, ಸೇದಿ ಉಳಿದ ಬೀಡಿಯಷ್ಟು ಸಣ್ಣ ಮನುಷ್ಯ. ಮಾಮ ಎಂದು ಹೆಸರಿಟ್ಟವರು ಅಣ್ಣ. ಮಾಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಮಗೆ ಚೀನೀ ಬರುತ್ತಿರಲಿಲ್ಲ, ಆದ್ದರಿಂದ ನಮ್ಮ ನಡುವೆ ಒಂದು ದಿನವೂ ಜಗಳವಾಗಲಿಲ್ಲ. ರಜೆಯ ದಿನ ನಾನು ನೀರುದೋಸೆ ಮಾಡುತ್ತಿದ್ದೆ. ಮಾಡುತ್ತಿದ್ದೆ ಎನ್ನುವುದು ನನ್ನ ಅಭಿಪ್ರಾಯ. ಅದು ಕಾವಲಿಯಿಂದ ತುಂಡು ತುಂಡಾಗಿ ಏಳುತ್ತಿತ್ತು. ಅಣ್ಣ ಅದಕ್ಕೆ 'ಅಪಘಾತ' ಎನ್ನುತ್ತಿದ್ದರು. ಮಾಮ ಮಾತ್ರ ಆ ತುಂಡುಗಳ ಮೇಲೆ ಸೋಯಾ ಸಾಸ್ ಸುರಿದು ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಬದಲಿಗೆ ಫ್ರಿಜ್ಜಿನ ಮೇಲೆ ನಮಗೊಂದು ಬಟ್ಟಲು ಸೂಪು ಮುಚ್ಚಿಟ್ಟಿರುತ್ತಿದ್ದರು. ಅದರಲ್ಲಿ ಏನಿದೆ ಎಂದು ನಾವು ಕೇಳುತ್ತಿರಲಿಲ್ಲ. ಕೇಳಲು ಭಾಷೆ ಇರಲಿಲ್ಲ, ತಿಳಿದುಕೊಳ್ಳಲು ಧೈರ್ಯವೂ ಇರಲಿಲ್ಲ.

ಅಣ್ಣನನ್ನು ಹುಡುಕಿಕೊಂಡು ಯಾವಾಗಲೂ ಯಾರಾದರೂ ಬರುತ್ತಿದ್ದರು. ಯಾರದೋ ಅಳಿಯ, ಯಾರದೋ ಶಾಲೆಯ ಸಹಪಾಠಿ. ಬಾಗಿಲು ತೆರೆದ ಅಣ್ಣ ತುಳುವಿನಲ್ಲಿ "ನಮ್ಮ ಊರುದಾಯೆ" ಎಂದು ನನಗೆ ಪರಿಚಯಿಸುವುದನ್ನು ಮಾಮ ಪಾರ್ಟಿಷನ್ನಿನ ಪರದೆ ಸರಿಸಿ ನೋಡುತ್ತಿದ್ದರು. ಒಮ್ಮೆ ಬಂದವನನ್ನೂ ಅಣ್ಣನನ್ನೂ ಬೆರಳಿನಿಂದ ಜೋಡಿಸಿ ತೋರಿಸಿ "ಹೋಂಗ್‌ಲೇ?" ಎಂದು ಕೇಳಿದರು. ನಾನು ಅವರ ಬೆರಳನ್ನು ನೋಡಿ, ಊರಿನವರಾ ಎಂದು ಕೇಳುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು. ಅಂದಿನಿಂದ ಯಾರು ಬೆಲ್ ಒತ್ತಿದರೂ ನಾನು "ಹೋಂಗ್‌ಲೇ" ಎಂದು ಕೂಗುವುದು, ಮಾಮ ತಲೆ ಆಡಿಸುವುದು. ಅವರ ಭಾಷೆಯ ಒಂದು ಶಬ್ದ ಕಲಿತ ನಾನು ಪಂಡಿತನಾದೆ. ಮಾಮನನ್ನು ಹುಡುಕಿಕೊಂಡು ಮಾತ್ರ ಯಾವತ್ತೂ ಯಾರೂ ಬರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಹೋಟೆಲಿನ ಮಾಲೀಕ ಅಲ್ ಐನ್‌ನಲ್ಲಿ ಇನ್ನೊಂದು ಹೋಟೆಲ್ ತೆರೆದು ಮಾಮನನ್ನು ಅಲ್ಲಿಗೆ ಕಳಿಸಿದ. ಹೊಸ ಹೋಟೆಲ್ ಬೇಗ ಮುಚ್ಚಿತು, ಹಳೆಯದೂ ಮುಚ್ಚಿತು, ಮಾಲೀಕ ಚೀನಾಕ್ಕೆ ವಾಪಸು ಹೋದವನು ಫೋನ್ ಎತ್ತುವುದನ್ನು ಬಿಟ್ಟ. ಇದೆಲ್ಲ ನಮಗೆ ಗೊತ್ತಾದದ್ದು ಅಲ್ ಐನ್‌ನ ಆಸ್ಪತ್ರೆಯಿಂದ ಫೋನ್ ಬಂದ ಮೇಲೆ. ಮಾಮನ ಫೋನಿನಲ್ಲಿ ಉತ್ತರ ಕೊಟ್ಟ ಒಂದೇ ನಂಬರು ನನ್ನದಾಗಿತ್ತು.

ಅಣ್ಣನ ಹಳೆ ಕಾರಿನಲ್ಲಿ ಹೋದೆವು. ಆ ವಾರ್ಡಿನ ಸಿಸ್ಟರ್ ಕಾಸರಗೋಡಿನವರು. ನನ್ನ ಇಂಗ್ಲಿಷ್ ಎರಡು ವಾಕ್ಯ ಕೇಳಿದ ಕೂಡಲೇ ಕನ್ನಡಕ್ಕೆ ಇಳಿದರು.

"ಊರು ಎಲ್ಲಾಯ್ತು?"

"ಮಂಗಳೂರು."

"ಮಂಗಳೂರಲ್ಲಿ ಎಲ್ಲಿ?"

"ಅಲ್ಲೇ, ಸ್ವಲ್ಪ ಒಳಗೆ."

ಆ 'ಸ್ವಲ್ಪ ಒಳಗೆ' ಎಂಬುದರ ಒಳಗೆ ಕಾರ್ಕಳ ದಾಟಿ, ಎರಡು ಬಸ್ಸು ಬದಲಿಸಿ, ಆಮೇಲೆ ಜೀಪಿಗೆ ನೇತಾಡಿ ಹೋಗುವಷ್ಟು ಜಾಗವಿದೆ. ನಮ್ಮ ಊರಿನ ಹೆಸರು ಕೇಳಿ ಕಾಲೇಜಿನಲ್ಲಿ ಇಡೀ ಕ್ಲಾಸು ನಕ್ಕಿತ್ತು. ಆವತ್ತಿನಿಂದ ನಾನು ಮಂಗಳೂರಿನವನು. ಅಣ್ಣನಿಗೂ ಅಷ್ಟೇ ಗೊತ್ತು.

ಸಿಸ್ಟರ್ ಹೇಳಿದ್ದು ಇಷ್ಟು. ಮಾಮನಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಗಾಯ, ಗಾಯವನ್ನು ಯಾರಿಗೂ ತೋರಿಸದೆ ಬೂಟಿನೊಳಗೆ ಇಟ್ಟುಕೊಂಡು ಕೆಲಸ ಮಾಡಿದ್ದಾರೆ. ಈಗ ಪಾದ ಕಪ್ಪಾಗಿದೆ, ವಿಷ ಮೇಲೇರುತ್ತಿದೆ. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ಜೀವ ಹೋಗುತ್ತದೆ. ಡಾಕ್ಟರು ಕಾಲಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರೆ ಮಾಮ ಕಾಲು ಒಳಕ್ಕೆ ಎಳೆದುಕೊಳ್ಳುತ್ತಾರೆ. ಆಸ್ಪತ್ರೆಯವರು ಫೋನಿನಲ್ಲಿ ಚೀನೀ ಮಾತಾಡುವವರನ್ನು ಹಿಡಿದರು, ಮಾಮ ಉತ್ತರ ಕೊಡಲಿಲ್ಲ. ಎಚ್ಚರ ಇರುವ ಮನುಷ್ಯ, ಬೇಡ ಎನ್ನುತ್ತಿದ್ದಾರೆ. ಅಂಥವರ ಕಾಲನ್ನು ಹಿಡಿದು ಕತ್ತರಿಸುವುದಕ್ಕೆ ಆಗುತ್ತದಾ ಎಂದು ಅವರು ನನ್ನನ್ನೇ ಕೇಳಿದರು, ನಾನೇ ದೊಡ್ಡ ಡಾಕ್ಟರು ಎಂಬ ಹಾಗೆ.

ಒಳಗೆ ಹೋದೆವು. ಮಾಮ ಹಾಸಿಗೆಯಲ್ಲಿ ಇನ್ನೂ ಸಣ್ಣವರಾಗಿದ್ದರು. ಜ್ವರಕ್ಕೆ ತುಟಿ ಒಡೆದಿತ್ತು. ನನ್ನನ್ನು ಕಂಡವರೇ ಮಣಿಕಟ್ಟು ಹಿಡಿದು ಏನೇನೋ ಹೇಳಿದರು. ಆ ಹೊಳೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಕಲ್ಲು: ಹೋಂಗ್‌ಲೇ. ಮತ್ತೆ ಹೇಳಿದರು, ಮತ್ತೆ ಅದೇ. ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡೆ. ಸಿಸ್ಟರ್ ಕಡೆ ತಿರುಗಿ, ಪಂಡಿತನ ಗತ್ತಿನಲ್ಲಿ, ಇವರಿಗೆ ಊರಿನವರು ಬೇಕಂತೆ, ನಾಳೆ ತರುತ್ತೇನೆ ಎಂದೆ. ಮೀನು ಮಾರ್ಕೆಟಿಗೆ ಹೋಗುವವನ ಹಾಗೆ.

ನಾನು ಇಂಟೀರಿಯರ್ ಕಂಪನಿಯಲ್ಲಿ ಡ್ರಾಯಿಂಗ್ ಮಾಡುವವನು. ಇಂಟರ್‌ನ್ಯಾಷನಲ್ ಸಿಟಿಯ ಪಕ್ಕದ ಚೀನೀ ಮಾರ್ಕೆಟಿನಲ್ಲಿ ಲೈಟು ಕೊಳ್ಳಲು ಹೋಗಿ ಹೋಗಿ ಒಬ್ಬ ಸೇಲ್ಸ್ ಹುಡುಗ ಪರಿಚಯವಾಗಿದ್ದ. ಮರುದಿನ ಬೆಳಿಗ್ಗೆ ಬಿರಿಯಾನಿಯ ಆಸೆ ಹುಟ್ಟಿಸಿ ಅವನನ್ನು ಕಾರಿಗೆ ಹತ್ತಿಸಿದೆವು. ದಾರಿಯುದ್ದಕ್ಕೂ ಅಣ್ಣ ಅವನಿಗೆ ಮಾಮನ ಗುಣಗಾನ ಮಾಡಿದರು. ಅವನು ಹೂಂಗುಟ್ಟುತ್ತಾ ಒಂಟೆಗಳ ಫೋಟೋ ತೆಗೆದ.

ಅವನು ಹಾಸಿಗೆಯ ಪಕ್ಕ ನಿಂತು ಬಾಯಿ ತೆರೆದ. ಮಾಮನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅಂಗಡಿಯ ಶಟರ್ ಎಳೆದ ಹಾಗೆ. ಹುಡುಗ ಮತ್ತೆ ಮಾತಾಡಿದ. ಮಾಮ ಗೋಡೆಯ ಕಡೆ ತಿರುಗಿದರು. ಸಿಸ್ಟರ್ ತಂದ ಗಂಜಿಯನ್ನು ಅಲ್ಲಿಯವರೆಗೆ ನಾಲ್ಕು ಚಮಚ ಕುಡಿಯುತ್ತಿದ್ದವರು ಅಂದಿನಿಂದ ಅದನ್ನೂ ತಳ್ಳಿದರು.

ಹೊರಗೆ ಬಂದ ಮೇಲೆ ಹುಡುಗ ವಿವರಿಸಿದ. ಅವನದು ರಷ್ಯಾದ ಗಡಿ ಹತ್ತಿರದ ಊರು, ಚಳಿಗಾಲದಲ್ಲಿ ನದಿ ಕಲ್ಲಾಗುತ್ತದಂತೆ. ಮಾಮ ದಕ್ಷಿಣದ ತುದಿಯವರು. ಓಡಿಹೋದ ಮಾಲೀಕನೂ ಉತ್ತರದವನೇ ಇರಬೇಕು, ತನ್ನ ಮಾತಿನ ಧಾಟಿ ಕೇಳಿ ಆ ಮಾಲೀಕನ ಕಡೆಯವನು ಬಂದ ಅಂದುಕೊಂಡರು ಎಂದ. ಅಣ್ಣ ಕಾರಿನ ಬೀಗ ತೆಗೆಯುತ್ತಾ ನನ್ನ ಕಡೆ ನೋಡದೆ ಹೇಳಿದರು:

"ಸುಳ್ಯದವನಿಗೆ ಹುಷಾರಿಲ್ಲ ಅಂತ ಪಾಟ್ನಾದವನನ್ನು ಕರ್ಕೊಂಡು ಬಂದಿದ್ದೀಯಲ್ಲ ಮಾರಾಯ. ನಿನ್ನನ್ನು ಆಂಬುಲೆನ್ಸ್‌ನವರು ಕೆಲಸಕ್ಕೆ ತೆಗೊಳ್ಬೇಕು."

ಆಗಲೇ ನಾನು ಆಸ್ಪತ್ರೆಯೊಳಗಿನ ಆ ನಲ್ಲಿಗೆ ಕೈ ಒಡ್ಡಲು ಓಡಿದ್ದು. ಹುಡುಗ ದಾರಿಯಲ್ಲಿ ಎರಡು ಬಿರಿಯಾನಿ ತಿಂದ. ಮಾತು ಕೊಟ್ಟಿದ್ದೆ, ಕೊಡಿಸಿದೆ.

ಮಾರ್ಕೆಟಿನಲ್ಲಿ ಅವನನ್ನು ಇಳಿಸಿದ ಮೇಲೆ ನಾನು ಮನೆಗೆ ಹೋಗಲಿಲ್ಲ. ಸಿಸ್ಟರ್ ಮೆಸೇಜ್ ಹಾಕಿದ್ದರು, ಜ್ವರ ಮತ್ತೆ ಏರಿದೆ, ಡಾಕ್ಟರು ನಾಳೆಯ ಮಧ್ಯಾಹ್ನ ದಾಟಬಾರದು ಅನ್ನುತ್ತಿದ್ದಾರೆ ಎಂದು. ಆ ಮಾರ್ಕೆಟ್ ಎಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಚಪ್ಪಲಿ ಬದಲಾಯಿಸಬೇಕು, ಅಷ್ಟು ಉದ್ದ. ನಾನು ಅಂಗಡಿ ಅಂಗಡಿಗೆ ಹೊಕ್ಕು, ಎದುರಿಗಿದ್ದವರ ಎದೆಗೆ ಬೆರಳು ತೋರಿಸಿ "ಯೂ ಹೋಂಗ್‌ಲೇ?" ಎಂದು ಕೇಳಿದೆ. ಟೈಲ್ಸ್ ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ. ಪರದೆ ಅಂಗಡಿಯ ಹೆಂಗಸು ನನಗೊಂದು ಪರದೆ ತೋರಿಸಿದಳು. ಆಟಿಕೆ ಅಂಗಡಿಯವನು ಸೆಕ್ಯುರಿಟಿಯನ್ನು ಕರೆದ. ಸೆಕ್ಯುರಿಟಿಯವನು ನೇಪಾಳದವನು. ನಾನು ಅವನನ್ನೂ ಕೇಳಿದೆ. ಅಷ್ಟು ತಲೆ ಕೆಟ್ಟಿತ್ತು.

ಚಹಾದ ಸಾಮಾನು ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಹಾಂಗ್‌ಕಾಂಗಿನ ಮುದುಕಿಯೊಬ್ಬರು ಕೂತಿದ್ದರು. ನನ್ನ ಬೆರಳನ್ನೂ ನನ್ನನ್ನೂ ನೋಡಿ, ಚೊಕ್ಕ ಇಂಗ್ಲಿಷ್‌ನಲ್ಲಿ, ಬೆರಳು ಇಳಿಸು, ಕೂತುಕೋ ಎಂದರು. ಕೂತೆ. ಯಾರ ಹೋಂಗ್‌ಲೇ ಎಂದು ಕೇಳಿದರು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆ ಅಜ್ಜಿ ಹೇಳಿದ್ದನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಹೋಂಗ್‌ಲೇ ಎನ್ನುವುದು ಮನುಷ್ಯರ ಜಾತಿಯಲ್ಲ, ನೆಂಟಸ್ತಿಕೆ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ 'ನೀನು ಭಾವನೇನು?' ಎಂದು ಕೇಳಿದರೆ ಹೇಗಿರುತ್ತದೋ ನೀನು ಮಾಡಿದ್ದು ಹಾಗಿದೆ ಎಂದರು. ಸಭೆಯಲ್ಲಿ, ಸಂಘದಲ್ಲಿ ಗೌರವದಿಂದ ಹೇಳುವಾಗ ತುಂಗ್‌ಹೋಂಗ್ ಅನ್ನುತ್ತಾರೆ, ಒಂದೇ ಊರಿನವರು ಎಂದು. ಬಾಯಿ ತುಂಬ ಕರೆಯುವಾಗ ಹೋಂಗ್‌ಲೇ. ಇವೆರಡಕ್ಕಿಂತ ಮೊದಲು ಇನ್ನೊಂದು ಉಂಟು, ಹೋಂಗ್‌ಹಾ. ಅದು ಜಾಗ. ನೀನು ಹುಟ್ಟಿದ ಜಾಗ ಅಲ್ಲ, ನಿನ್ನ ಪಾಸ್‌ಪೋರ್ಟಿನ ದೇಶ ಅಲ್ಲ, ನಿನ್ನ ಅಜ್ಜ ಎಲ್ಲಿಂದ ಬಂದನೋ ಅದು. ನೀನು ಅದನ್ನು ಕಣ್ಣಿನಿಂದ ಕಂಡಿರದಿದ್ದರೂ ಅದೇ ನಿನ್ನದು. ಹೊಸಬರು ಸಿಕ್ಕಿದರೆ ನಾವು ಮೊದಲು ಕೇಳುವುದು ನಿಮ್ಮ ಹೋಂಗ್‌ಹಾ ಯಾವುದು ಅಂತ.

ನಾನು ರೆಕಾರ್ಡಿಂಗ್ ಕೇಳಿಸಿದೆ. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ದಕ್ಷಿಣದ ತೊಯ್‌ಸಾನ್ ತಾಲೂಕಿನ ಕಡೆಯ ಮಾತು, ತಮಗೆ ಅರ್ಧ ತಿಳಿಯುತ್ತದೆ, ತಮ್ಮ ಮಾತು ಅವರಿಗೆ ಪೂರ್ತಿ ತಿಳಿಯುತ್ತದೆ ಎಂದರು. ನನಗೆ ಜೀವ ಬಂತು. ಅಲ್ಲಿಂದಲೇ ಸಿಸ್ಟರಿಗೆ ಫೋನ್ ಮಾಡಿದೆ, ಅವರು ಮಾಮನ ಕಿವಿಗೆ ಹಿಡಿದರು. ಅಜ್ಜಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಆ ಕಡೆಯಿಂದ ಮಾಮನ ದನಿ ಬಂತು. ಅಜ್ಜಿ ಒಂದು ಶಬ್ದದಲ್ಲಿ ಉತ್ತರಿಸಿದರು. ಮಾಮ ಇನ್ನೇನೋ ಅಂದರು, ಅಜ್ಜಿ ಫೋನು ನನಗೆ ತಿರುಗಿಸಿ ಕೊಟ್ಟರು. ಮುಗಿಯಿತು.

"ಕಾಲು ತೆಗೀತಾರೆ ಅಂತ ಅವರಿಗೆ ಗೊತ್ತುಂಟು. ಮೊದಲ ದಿನವೇ ಗೊತ್ತಾಗಿದೆ. ನನ್ನ ಹೋಂಗ್‌ಹಾ ಯಾವುದು ಅಂತ ಕೇಳಿದರು, ಹೇಳಿದೆ. ತೊಂದರೆ ಕೊಟ್ಟೆ, ಥ್ಯಾಂಕ್ಸ್ ಅಂದರು."

"ಮತ್ತೆ ಯಾಕೆ ಬೇಡ ಅಂತಾರೆ?"

"ಅದನ್ನು ನನಗೆ ಹೇಳೋದಿಲ್ಲ. ನಾನು ಅವರ ಕಡೆಯವಳಲ್ಲ."

ಭಾಷೆ ಸಿಕ್ಕಿದರೆ ಎಲ್ಲ ಸರಿಯಾಗುತ್ತದೆ ಎಂದು ನಂಬಿಕೊಂಡಿದ್ದವನು ನಾನು. ಭಾಷೆ ಸಿಕ್ಕಿತು, ಏನೂ ಸರಿಯಾಗಲಿಲ್ಲ. ಅಜ್ಜಿ ನನಗೆ ಚಹಾ ಬಗ್ಗಿಸಿ ಕೊಟ್ಟರು. ಅಷ್ಟು ಸಣ್ಣ ಬಟ್ಟಲು ನಾನು ಕಂಡಿರಲಿಲ್ಲ. ಒಂದೇ ಗುಟುಕಿಗೆ ಅದೂ ಮುಗಿಯಿತು.

ಅಷ್ಟರಲ್ಲಿ ಅಣ್ಣ ಬಂದರು. ಎಲ್ಲ ಕೇಳಿದವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಅವರ ಊರಿನವರನ್ನು ಹುಡುಕುವುದಕ್ಕೆ ನಮ್ಮ ಊರಿನವರನ್ನೇ ಬಿಡುವ ಎಂದರು. ನಮ್ಮ ಕರಾವಳಿಯವರದು ಒಂದು ವಾಟ್ಸಾಪ್ ಗುಂಪು ಉಂಟು. ಎಮಿರೇಟ್ಸಿನ ಯಾವ ಮೂಲೆಯಲ್ಲಿ ಮೀನು ಹುರಿದರೂ ಅದರಲ್ಲಿ ಹೊಗೆ ಬರುತ್ತದೆ. ನಾನು ಬರೆಯಲು ಕೂತೆ, 'ತುರ್ತಾಗಿ ಚೀನಾದವರು ಬೇಕಾಗಿದ್ದಾರೆ'. ಅಜ್ಜಿ ಇಣುಕಿ, ಏನು ಬರೆದೆ ಎಂದು ಕೇಳಿ ತಿಳಿದು, ಅಳಿಸು ಎಂದರು. ಚೀನಾದವರಾ ಎಂದು ಕೇಳಿದರೆ ತೊಯ್‌ಸಾನಿನವರಲ್ಲಿ ಅರ್ಧ ಜನ ಅಲ್ಲ ಅಂತಾರೆ. ಅವರು ನೂರು ದೇಶದಲ್ಲಿ ಹುಟ್ಟಿದ್ದಾರೆ. ಅಜ್ಜನ ಊರು ಕೇಳಲಿಕ್ಕೆ ಹೇಳು.

ಹಾಗಾಗಿ ಗುಂಪಿಗೆ ಹೋದ ಸಂದೇಶ ಹೀಗಿತ್ತು: ನಿಮ್ಮ ಆಫೀಸಿನಲ್ಲಿ, ಬಿಲ್ಡಿಂಗಿನಲ್ಲಿ ಚೀನೀ ಮೂಲದವರು ಇದ್ದರೆ ಯಾವ ದೇಶ ಎಂದು ಕೇಳಬೇಡಿ, ಅಜ್ಜನ ಹೋಂಗ್‌ಹಾ ಯಾವುದು ಎಂದು ಕೇಳಿ, ತೊಯ್‌ಸಾನ್ ಅಂದರೆ ಫೋನ್ ಮಾಡಿ, ಒಬ್ಬರ ಜೀವದ ಪ್ರಶ್ನೆ.

ಮೊದಲ ಉತ್ತರ ಕೈಮುಗಿದ ಚಿತ್ರ. ಎರಡನೆಯದು ಇದು ಯಾವ ಹೊಸ ಸ್ಕ್ಯಾಮು ಎಂಬ ಪ್ರಶ್ನೆ. ಒಬ್ಬರು ಶಾರ್ಜಾದ ಚೈನೀಸ್ ಹೋಟೆಲಿನ ಮೆನು ಕಳಿಸಿದರು. ಇನ್ನೊಬ್ಬರು ನನ್ನ ಹೆಂಡತಿಯ ಅಜ್ಜನದು ಪುತ್ತೂರು, ಆಗ್ತದಾ ಎಂದು ಕೇಳಿ ನಗುವ ಮುಖ ಹಾಕಿದರು. ಬೇರೆ ದಿನವಾಗಿದ್ದರೆ ಆ ಜೋಕು ನಾನೇ ಹಾಕುತ್ತಿದ್ದೆ. ಆವತ್ತು ಅವರನ್ನು ಹುಡುಕಿಕೊಂಡು ಹೋಗಿ ಹೊಡೆಯಬೇಕು ಅನಿಸಿತು. ಸಂಜೆ ಸಿಸ್ಟರ್ ಫೋನ್ ಮಾಡಿ, ಈಗ ನೀರೂ ಬೇಡ ಅಂತಾರೆ ಎಂದರು. ನಾನು ಮನೆಯಲ್ಲಿ ಮಾಮನ ಪಾರ್ಟಿಷನ್ನಿನ ಪರದೆ ಸರಿಸಿ ಒಳಗೆ ಕೂತೆ. ಮಾಮ ಅಲ್ ಐನ್‌ಗೆ ಹೋದ ಮೇಲೆ ಬೇರೆಯವರು ಅಲ್ಲಿಗೆ ಬಂದಿರಲಿಲ್ಲ. ಗೋಡೆಯಲ್ಲಿ ಅವರು ಚಮಚ ತೂಗುಹಾಕುತ್ತಿದ್ದ ಮೊಳೆ ಇತ್ತು.

ಬೆಳಿಗ್ಗೆ ಆಫೀಸು ಶುರುವಾಗುವ ಹೊತ್ತಿಗೆ ಅಬುಧಾಬಿಯ ಖಾಲಿದಿಯಾದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಬಂಟ್ವಾಳದವರು, ಅಕೌಂಟ್ಸ್ ಕೆಲಸ, ಅಣ್ಣನಿಗೆ ಮುಖಪರಿಚಯ. ದನಿ ತಗ್ಗಿಸಿ ಹೇಳುತ್ತಿದ್ದರು:

"ನನ್ನ ಪಕ್ಕದ ಸೀಟಿನ ಮೇಡಂ ಮಲೇಷ್ಯಾದವರು ಮಾರಾಯ್ರೇ. ಇಷ್ಟು ವರ್ಷ ಒಟ್ಟಿಗೆ ಟಿಫಿನ್ ತಿಂದೆವು, ನಾನು ಬೇರೆ ಏನೂ ಕೇಳಲಿಲ್ಲ. ಈಗ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ನಿಮಗೆ ಈ ಶಬ್ದ ಯಾರು ಹೇಳಿಕೊಟ್ಟದ್ದು ಅಂತ ಕೇಳಿದರು. ಈಗ ಬ್ಯಾಗ್ ತೆಗೊಂಡು ಲಿಫ್ಟಿನ ಹತ್ತಿರ ನಿಂತಿದ್ದಾರೆ. ಬೇಗ ಬನ್ನಿ."

ಅಣ್ಣ ಕಾರ್ಗೋ ಆಫೀಸಿಗೆ ಏನು ಸುಳ್ಳು ಹೇಳಿದರೋ ಕೇಳಲಿಲ್ಲ. ನಾನು ನನ್ನ ಮ್ಯಾನೇಜರಿಗೆ ಮಾವನಿಗೆ ಸೀರಿಯಸ್ ಎಂದೆ. ಸುಳ್ಳಲ್ಲ.

ಅಬುಧಾಬಿಯಲ್ಲಿ ನಮ್ಮ ಕಾರು ಹತ್ತಿದ ಮೇಡಂ ಐವತ್ತರ ಹತ್ತಿರದವರು, ಕತ್ತರಿಸಿದ ಕೂದಲು, ಆಫೀಸಿನ ಕಪ್ಪು ಕೋಟು. ಕಾರು ಅಲ್ ಐನ್ ರಸ್ತೆಗೆ ತಿರುಗುವ ಮೊದಲೇ ತಮ್ಮ ವಿಷಯ ನೇರವಾಗಿ ಇಟ್ಟರು. ಚೀನಾವನ್ನು ಕಂಡವರೇ ಅಲ್ಲ. ಹುಟ್ಟಿದ್ದು ಮಲೇಷ್ಯಾ, ಓದಿದ್ದು ಮಲೇಷ್ಯಾ. ಅಜ್ಜಿಯ ಭಾಷೆ ಬರುತ್ತದೆ, ಆದರೆ ಅಜ್ಜಿ ಅವರ ಹತ್ತಿರ ಮಾತಾಡಿದ್ದು ಊಟಕ್ಕೆ ಕರೆಯಲು ಮತ್ತು ಬೈಯಲು. ಅಷ್ಟು ಮಟ್ಟಿನದ್ದು ಸಾಕಾ ಎಂದು ಕೇಳಿದರು. ಸಾಕು ಎಂದೆ. ಆಮೇಲೆ ಇನ್ನೊಂದು ಹೇಳಿದರು. ಅವರ ಅಜ್ಜನ ಹೋಂಗ್‌ಹಾ ತೊಯ್‌ಸಾನ್ ಅಲ್ಲ, ಹೊಯ್‌ಪಿಂಗ್. ಪಕ್ಕದ ತಾಲೂಕು.

ನನಗೆ ಲೈಟಿನವನ ಮುಖ ಕಣ್ಣೆದುರು ಬಂತು. ಮತ್ತೊಮ್ಮೆ ತಪ್ಪು ಮನುಷ್ಯರನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಮಾಮ ಮತ್ತೆ ಗೋಡೆಗೆ ತಿರುಗುತ್ತಾರೆ, ಇನ್ನೊಂದು ಸಲ ಹುಡುಕಲು ಹೊತ್ತಿಲ್ಲ. ಕಾರು ನಿಲ್ಲಿಸಲು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ, ಇವರು ಅವರ ಊರಿನವರಲ್ಲವಂತೆ ಎಂದು. ಅಣ್ಣ ಗೇರು ಬದಲಿಸಲೂ ಇಲ್ಲ.

"ನೀನು ನನ್ನ ಊರಿನವನಾ? ಆದರೂ ಮಂಚ ಕೊಡ್ಲಿಲ್ವಾ. ಸುಮ್ನೆ ಕೂತ್ಕೋ."

ಹಿಂದಿನ ಸೀಟಿನಲ್ಲಿ ಮೇಡಂ, ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, ಆ ಕಡೆಯ ನಾಲ್ಕು ತಾಲೂಕುಗಳಿಗೆ ಒಟ್ಟಾಗಿ ಸೇಯ್‌ಯಾಪ್ ಎನ್ನುತ್ತಾರೆ ಎಂದರು. ಅಲ್ಲಿದ್ದಾಗ ಒಬ್ಬರನ್ನೊಬ್ಬರು ಹಂಗಿಸಿಕೊಂಡಿದ್ದವರು ಹಡಗು ಹತ್ತಿದ ಮೇಲೆ ನಾಲ್ಕೂ ಸೇರಿ ಒಂದೇ ಊರು. ಮಲೇಷ್ಯಾದಲ್ಲಿ ಅವರ ಅಜ್ಜನ ಹೆಣ ಹೊತ್ತವರು ತೊಯ್‌ಸಾನಿನವರಂತೆ. ಆದರೆ ಕಾಯಿಲೆ ಬಿದ್ದವರ ಮನಸ್ಸು ಹೇಗಿರುತ್ತದೋ ನಾನು ಹೇಳಲಾರೆ ಎಂದು ಸೇರಿಸಿದರು. ಆಮೇಲೆ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ಬಂದರು. ಮೊದಲು ಪ್ರಾರ್ಥನೆ ಅಂದುಕೊಂಡೆ. ಅಲ್ಲ, ಅಜ್ಜಿಯ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ನೆನಪು ಮಾಡಿಕೊಳ್ಳುತ್ತಿದ್ದರು.

ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ನಿಂತಿದ್ದರು. ಮಾಮನ ಕಣ್ಣು ಅರ್ಧ ತೆರೆದಿತ್ತು, ನನ್ನ ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ. ಮೇಡಂ ಕುರ್ಚಿಯನ್ನು ಹತ್ತಿರ ಎಳೆದು ಕೂತರು, ಅವರ ಕಿವಿಗೆ ಬಾಗಿ ಒಂದು ಮಾತು ಹೇಳಿದರು. ಆ ಮಾತಿನಲ್ಲಿ ಬೈಗುಳದ ರಾಗವಿತ್ತು, ಊಟಕ್ಕೆ ಬಾರದ ಮಕ್ಕಳನ್ನು ಕರೆಯುವ ರಾಗ.

ಮಾಮನ ಕಣ್ಣು ತೆರೆಯಿತು. ತಲೆ ತಿರುಗಿತು. ಗೋಡೆಯ ಕಡೆಗಲ್ಲ.

ಅವರು ಏನೋ ಕೇಳಿದರು. ಮೇಡಂ ಉತ್ತರಿಸಿದರು, ಅದರಲ್ಲಿ 'ಹೊಯ್‌ಪಿಂಗ್' ನನಗೂ ಕೇಳಿಸಿತು. ಮಾಮ ಅವರನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಒಡೆದ ತುಟಿಯಲ್ಲಿ ಏನೋ ಅಂದರು, ಮೇಡಂಗೆ ನಗು ಬಂತು, ಅದೇ ಕ್ಷಣ ಅಳುವೂ ಬಂತು. ಮಾಮ ಮಾತಾಡತೊಡಗಿದರು. ನಮ್ಮ ಮನೆಯಲ್ಲಿದ್ದ ಅಷ್ಟು ಕಾಲದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಂದು ಶಬ್ದವನ್ನು ಪದೇ ಪದೇ ಹೇಳಿದರು. ಮೇಡಂ ಅದನ್ನು ತಿರುಗಿ ಹೇಳಿದರು, ಮಾಮ ತಲೆಯಾಡಿಸಿ ಸರಿಪಡಿಸಿದರು, ಮೇಡಂ ಮತ್ತೆ ಹೇಳಿದರು. ಮಗ್ಗಿ ಒಪ್ಪಿಸುವ ಹಾಗೆ. ಕೊನೆಗೊಮ್ಮೆ ಮಾಮ ಕಣ್ಣು ಮುಚ್ಚಿ, ಸರಿ ಎಂಬಂತೆ ಗದ್ದ ಇಳಿಸಿದರು. ಆಮೇಲೆ ಹೊದಿಕೆಯೊಳಗಿನಿಂದ ಆ ಕಾಲನ್ನು ತಾವೇ ಹೊರಕ್ಕೆ ಸರಿಸಿದರು.

ಸಿಸ್ಟರ್ ಡಾಕ್ಟರನ್ನು ಕರೆಯಲು ಓಡಿದರು.

ಆಪರೇಷನ್ ಮುಗಿಯುವವರೆಗೆ ನಾವು ಮೂವರೂ ಕಾರಿಡಾರಿನಲ್ಲಿ ಕೂತಿದ್ದೆವು. ಅಣ್ಣ ಯಾರಿಗೂ ಬೇಡವಾದ ಚಹಾ ತಂದು ಕೊಟ್ಟರು. ನಾನು ತಮಾಷೆ ಮಾಡಲು ನೋಡಿದೆ, ಮಾಮನಿಗೆ ಇನ್ನು ಒಂದು ಬೂಟು ಉಳಿತಾಯ ಎಂದೆ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಮಧ್ಯಾಹ್ನದ ಬಿಸಿಲು ಪಾರ್ಕಿಂಗಿನ ಕಾರುಗಳ ಮೇಲೆ ಕುದಿಯುತ್ತಿತ್ತು. ಸಿಸ್ಟರ್ ಬಂದು, ಜೀವ ಉಂಟು, ಕಾಲು ಹೋಯ್ತು, ಈ ಎರಡು ಮೂರು ದಿನ ಕಳೀಬೇಕು ಎಂದರು. ಅಣ್ಣ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟರು.

ಆಗ ನಾನು ಮೇಡಂ ಹತ್ತಿರ ಕೇಳಿದೆ, ಅವರು ಏನು ಹೇಳಿದರು, ನೀವು ಏನು ಹೇಳಿ ಒಪ್ಪಿಸಿದಿರಿ ಎಂದು. ಅವರು ಕೋಟನ್ನು ಮಡಿಲಲ್ಲಿ ಮಡಿಸಿಕೊಂಡು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದರು.

"ನಾನು ಏನೂ ಒಪ್ಪಿಸಲಿಲ್ಲ. ಕಾಲು ಹೋಗೋದು ಅವರಿಗೆ ದೊಡ್ಡದಾಗಿರಲಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟ ಮೇಲೆ ಏಳದಿದ್ದರೆ ಅಂತ ಹೆದರಿದ್ದರು. ಪಾಸ್‌ಪೋರ್ಟಿನಲ್ಲಿ ಪ್ರಾಂತ್ಯದ ಹೆಸರು ಮಾತ್ರ ಇರೋದು, ನಿಮ್ಮ ಇಡೀ ಕರ್ನಾಟಕ ಅಂದ ಹಾಗೆ. ಅವರ ಹಳ್ಳಿಯ ಹೆಸರು ಈ ದೇಶದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದನ್ನು ಒಬ್ಬರ ಬಾಯಲ್ಲಿ ಇಟ್ಟು ಹೋಗಬೇಕು, ಸರಿಯಾಗಿ ಹೇಳಬಲ್ಲ ಬಾಯಿ ಬೇಕು ಅಂತ ಕಾಯ್ತಿದ್ದರು. ನನ್ನ ಉಚ್ಚಾರ ಹೊಯ್‌ಪಿಂಗಿನವರ ಹಾಗೆ ವಕ್ರವಂತೆ, ಆದರೂ ನಡೀತದೆ ಅಂದರು. ನಾನು ಕಲಿತೆ, ಆಮೇಲೆ ಕಾಲು ಕೊಟ್ಟರು."

ಅವರು ನನ್ನ ಕಡೆ ತಿರುಗಿದರು.

"ಇನ್ನೂ ಒಂದು ಉಂಟು. ಈ ಹುಡುಗನ, ಅಂದರೆ ನಿನ್ನ, ಹೋಂಗ್‌ಹಾ ಯಾವುದು ಅಂತ ನನ್ನ ಹತ್ತಿರ ಕೇಳಿದರು. ಕಾರಿನಲ್ಲಿ ನೀನು ಹೇಳಿದ್ದನ್ನೇ ಹೇಳಿದೆ, ಮಂಗಳೂರು, ಅಲ್ಲಿ ಏರ್‌ಪೋರ್ಟ್ ಉಂಟು ಅಂತ. ಅದು ವಿಮಾನ ಇಳಿಯೋ ಜಾಗ, ಹುಡುಗನ ಊರಿನ ಹೆಸರು ಕೇಳಿ ಇಟ್ಟುಕೋ, ಒಬ್ಬರಿಗಾದರೂ ಗೊತ್ತಿರಬೇಕು ಅಂದರು. ಹೇಳು. ನಿಧಾನಕ್ಕೆ ಹೇಳು, ನನಗೆ ಕಲೀಬೇಕು."